ಸಂಜೆಯ ಕ್ರಯವೂ ಅಚೌರ್ಯಾಣುವ್ರತವೂ

ವ್ಯಾಪಾರದಲ್ಲಿ ಮೋಸ ಮಾಡಬಾರದೆಂಬ ಉಪದೇಶವನ್ನು ಕೇಳದ ಶ್ರಾವಕನಿಲ್ಲ. ತೂಕದಲ್ಲಿ ವಂಚನೆ ಬೇಡ, ಕಲಬೆರಕೆ ಬೇಡ, ಕಳವಿನ ಸೊತ್ತು ಬೇಡ ಎಂದು ನಮ್ಮ ಪ್ರವಚನಕಾರರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಈ ಉಪದೇಶವೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನನ್ನು ಉದ್ದೇಶಿಸಿದ್ದು. ಕೈಚೀಲ ಹಿಡಿದು ಅದರ ಮುಂದೆ ನಿಂತವನಿಗೆ ಯಾವ ಧರ್ಮವೂ ಅನ್ವಯಿಸದೆಂಬಂತೆ ನಾವು ಬದುಕುತ್ತಿದ್ದೇವೆ. ಮಾರುವವನು ಒಂದು ತೊಲ ಕಡಿಮೆ ತೂಗಿದರೆ ಅದು ಚೌರ್ಯ. ಕೊಳ್ಳುವವನು ಆತನ ಅಸಹಾಯಕತೆಯನ್ನು ತೂಗಿ ಅರ್ಧ ಬೆಲೆಗೆ ಇಳಿಸಿದರೆ ಅದು ಜಾಣತನ! ಈ ವಿಂಗಡಣೆಗೆ ನಮ್ಮ ಶಾಸ್ತ್ರಗಳಲ್ಲಿ ಆಧಾರವಿದೆಯೇ ಎಂಬುದನ್ನು ಧರ್ಮಬಂಧುಗಳೂ ಬಸದಿಗಳ ಆಡಳಿತವನ್ನು ಹೊತ್ತ ಮಹನೀಯರೂ ಒಮ್ಮೆ ವಿಚಾರಿಸಿ ನೋಡಬೇಕೆಂದು ಈ ಲೇಖನ. ಪರರನ್ನು ದೂಷಿಸುವ ಮೊದಲು ನನ್ನ ಮನೆಯ ಒಂದು ದಿನದ ಕಥೆಯನ್ನೇ ಮುಂದಿಡುತ್ತೇನೆ.

ಕಳೆದ ಮಾಗಿಯಲ್ಲಿ ನಮ್ಮ ಮನೆಯಲ್ಲೊಂದು ವಿವಾಹಕಾರ್ಯವಿತ್ತು. ಸಾಮಾನು ಕೊಳ್ಳುವುದಕ್ಕೆಂದು ನಾನು, ನನ್ನ ಮನೆಯವರು, ತಂಗಿ ಮತ್ತು ಅವಳ ಮಗ ಬೆಳಿಗ್ಗೆಯೇ ಮೂಡುಬಿದಿರೆಯಿಂದ ಹೊರಟೆವು. ಸಿದ್ದಕಟ್ಟೆಯ ದಾರಿಯಾಗಿ ಬಂಟ್ವಾಳ, ಅಲ್ಲಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ದಾಟಿ ಬೆಳ್ತಂಗಡಿ, ಮರಳಿ ವೇಣೂರಿನ ದಾರಿಯಲ್ಲಿ ಮನೆ. ಮೂರು ಪೇಟೆಗಳನ್ನು ಸುತ್ತಿ ಸೂರ್ಯಾಸ್ತಕ್ಕೆ ಮುನ್ನ ಮನೆ ಸೇರಿ ಊಟ ಮುಗಿಸಬೇಕೆಂಬುದು ನಮ್ಮ ಯೋಜನೆ. ಅನಸ್ತಮಿತ ಭೋಜನದ ನಿಯಮವನ್ನು ನಮ್ಮ ಮನೆಯಲ್ಲಿ ಇಂದಿಗೂ ಮೀರುವುದಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನೇತ್ರಾವತಿಯ ದಡದ ಬಂಟ್ವಾಳ ಹಳೆಯ ವ್ಯಾಪಾರದ ಪೇಟೆ. ಘಟ್ಟದಿಂದ ಇಳಿದ ಸರಕು ಇಲ್ಲಿ ದೋಣಿಗಳನ್ನೇರಿ ಮಂಗಳೂರಿಗೆ ಹೋಗುತ್ತಿದ್ದ ಕಾಲವೊಂದಿತ್ತು. 1923 ಮತ್ತು 1974ರ ನೆರೆಗಳನ್ನು ಕಂಡ ಪೇಟೆ ಅದು. ಇಂದು ವ್ಯಾಪಾರದ ಭರಾಟೆಯೆಲ್ಲ ಬಿ.ಸಿ. ರೋಡಿನ ಕಡೆಗೆ ಸರಿದಿದೆ. ಅಲ್ಲಿನ ಬಟ್ಟೆಯಂಗಡಿಯೊಂದರಲ್ಲಿ ವಧುವಿಗೆ ಹದಿನೆಂಟು ಸಾವಿರ ರೂಪಾಯಿಯ ಸೀರೆಯೊಂದನ್ನು ಕೊಂಡೆವು. 'ಒಂದೇ ದರ' ಎಂಬ ಫಲಕವಿತ್ತು. ನಮ್ಮಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಹಣ ಎಣಿಸಿಕೊಟ್ಟು, ಅಂಗಡಿಯವರು ಕೊಟ್ಟ ಬಟ್ಟೆಯ ಕೈಚೀಲವನ್ನು ಪ್ರಸಾದವೆಂಬಂತೆ ಸ್ವೀಕರಿಸಿ ಹೊರಬಂದೆವು.

ಬೆಳ್ತಂಗಡಿಯಲ್ಲಿ ಅಂದು ವಾರದ ಸಂತೆ. ವೀಳ್ಯದೆಲೆ, ಹೂವು, ಹಣ್ಣು ತುಂಬಿಡಲು ಬುಟ್ಟಿಗಳು ಬೇಕಾಗಿದ್ದವು. ಕಾಡಿನ ಬೀಳುಗಳಿಂದ ಹೆಣೆದ ಗಟ್ಟಿ ಬುಟ್ಟಿಗಳನ್ನು ಕೊರಗ ಸಮುದಾಯದ ವೃದ್ಧರೊಬ್ಬರು ಮುಂದಿಟ್ಟುಕೊಂಡು ಕುಳಿತಿದ್ದರು. ಒಂದಕ್ಕೆ ಮುನ್ನೂರೈವತ್ತು ರೂಪಾಯಿ ಎಂದರು. ಇಲ್ಲಿ ನಮ್ಮ ನಾಲಗೆಗಳಿಗೆ ಜೀವ ಬಂತು. ತಂಗಿಯ ಮಗ ಇನ್ನೂರು ಎಂದ. ಪ್ಲಾಸ್ಟಿಕ್ ಬುಟ್ಟಿ ನೂರಕ್ಕೆ ಸಿಗುತ್ತದೆ ಎಂದ. ಎರಡು ಸಲ ಎದ್ದು ಹೋಗುವಂತೆ ನಟಿಸಿದ. ಕೊನೆಗೆ ಮೂರು ಬುಟ್ಟಿಗಳು ಏಳುನೂರೈವತ್ತಕ್ಕೆ ಬಂದವು. ಕಾಡಿಗೆ ಹೋಗಿ ಬೀಳು ತರುವ, ಅದನ್ನು ಹದಮಾಡುವ, ಸೀಳಿ ಹೆಣೆಯುವ ದಿನಗಳ ಲೆಕ್ಕವನ್ನು ನಾವಾರೂ ಕೇಳಲಿಲ್ಲ. ಹುಡುಗನ ಚಾತುರ್ಯವನ್ನು ಎಲ್ಲರೂ ಹೊಗಳಿದೆವು. ನಾನೂ ಹೊಗಳಿದೆ.

ಮೂಡುಬಿದಿರೆ ತಲಪಿದಾಗ ಸಂಜೆ ಐದೂವರೆ ಕಳೆದಿತ್ತು. ಪೇಟೆಯ ರಸ್ತೆಯ ಬದಿಯಲ್ಲಿ ಹಳ್ಳಿಯ ಹೆಂಗಸೊಬ್ಬಳು ತರಕಾರಿಯ ಬುಟ್ಟಿಯೊಂದಿಗೆ ಕುಳಿತಿದ್ದಳು. ಬುಟ್ಟಿ ಬಹುತೇಕ ಖಾಲಿಯಾಗಿತ್ತು. ಎರಡು ಸೂಡಿ ಬಸಳೆ ಮಾತ್ರ ಉಳಿದಿತ್ತು. ಸೂಡಿಗೆ ನಲ್ವತ್ತು ಎಂದಳು. "ಈ ಹೊತ್ತಿನಲ್ಲಿ ನಿನ್ನಿಂದ ಇನ್ನು ಯಾರು ಕೊಳ್ಳುತ್ತಾರೆ? ಎರಡಕ್ಕೂ ಸೇರಿ ಐವತ್ತು ಕೊಡುತ್ತೇನೆ" ಎಂದು ನಾನೇ ಹೇಳಿದೆ. ಆಕೆ ಒಮ್ಮೆ ಬಸಳೆಯನ್ನು ನೋಡಿದಳು, ಒಮ್ಮೆ ಬಸ್ಸು ಬರುವ ದಿಕ್ಕನ್ನು ನೋಡಿದಳು. "ಆಯಿತು ದನಿ, ಕೊಡಿ. ಬಸ್ಸು ತಪ್ಪಿದರೆ ಮತ್ತೆ ಆಟೋಕ್ಕೆ ನೂರು ರೂಪಾಯಿ ಬೇಕು" ಎಂದು ತುಳುವಿನಲ್ಲಿ ಹೇಳಿ ಸೂಡಿಗಳನ್ನು ಎತ್ತಿಕೊಟ್ಟಳು.

ನಾವು ಸೂರ್ಯಾಸ್ತಕ್ಕೆ ಮೊದಲೇ ಮನೆ ಸೇರಿದೆವು, ಊಟವನ್ನೂ ಮುಗಿಸಿದೆವು. ವ್ರತ ಮುರಿಯಲಿಲ್ಲವೆಂಬ ಸಮಾಧಾನದಿಂದ ಕೈ ತೊಳೆಯುತ್ತಿರುವಾಗ ಆಕೆಯ ಮಾತು ನೆನಪಿಗೆ ಬಂತು. ಸೂಕ್ಷ್ಮಜೀವಿಗಳ ಹಿಂಸೆಯಾಗಬಾರದೆಂದು ಸೂರ್ಯಾಸ್ತದ ಮೊದಲು ಉಣ್ಣುವ ನಾನು, ಅದೇ ಸೂರ್ಯಾಸ್ತವನ್ನು ತಕ್ಕಡಿಯ ಬಟ್ಟಾಗಿಸಿ ಒಬ್ಬ ಮನುಷ್ಯಳ ದುಡಿಮೆಯನ್ನು ತೂಗಿದ್ದೆ. ಮುಳುಗುವ ಸೂರ್ಯ ನನಗೆ ಧರ್ಮ, ಆಕೆಗೆ ನಷ್ಟ. ಆ ದಿನದ ನಮ್ಮ ಒಟ್ಟು 'ಉಳಿತಾಯ'ವನ್ನು ಲೆಕ್ಕ ಹಾಕಿದೆ: ಬುಟ್ಟಿಯಲ್ಲಿ ಮುನ್ನೂರು, ಬಸಳೆಯಲ್ಲಿ ಮೂವತ್ತು, ಒಟ್ಟು ಮುನ್ನೂರ ಮೂವತ್ತು ರೂಪಾಯಿ. ಕಾರಿನ ಪೆಟ್ರೋಲಿಗೆ ಅದಕ್ಕಿಂತ ಹೆಚ್ಚು ತೆತ್ತಿದ್ದೆವು. ಪೆಟ್ರೋಲ್ ಬಂಕಿನಲ್ಲಿ ಯಾರೂ ಚೌಕಾಸಿ ಮಾಡಿರಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತು, ವಿಚಾರ ಆರಂಭವಾಗುತ್ತದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಪಾಠಶಾಲೆಯ ಮಕ್ಕಳೂ ಇವನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಆದರೆ ಇವುಗಳಲ್ಲಿ ಎಷ್ಟು ಕೊಳ್ಳುವವನಿಗೆ ಸಂಬಂಧಿಸಿದವು ಎಂದು ನಾವು ಗಮನಿಸಿಲ್ಲ. ಎರಡನೆಯದಾದ ತದಾಹೃತಾದಾನವು ಕಳ್ಳನು ತಂದುದನ್ನು ಸ್ವೀಕರಿಸುವುದು. ಸ್ಪಷ್ಟವಾಗಿಯೇ ಗ್ರಾಹಕನ ದೋಷ. ನಾಲ್ಕನೆಯದರಲ್ಲಿ ಮಾರುವಾಗ ಕಿರಿಯ ಅಳತೆ, ಕೊಳ್ಳುವಾಗ ಹಿರಿಯ ಅಳತೆ ಎಂಬ ಎರಡೂ ಮುಖಗಳಿವೆ. ಮೂರನೆಯದನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತಾರೆ. ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ಬಗೆಯಿಂದ ವಸ್ತುವನ್ನು ಪಡೆಯುವುದೇ ಅತಿಕ್ರಮವೆಂದೂ, ಕ್ಷೋಭೆಗೊಳಗಾದ ರಾಜ್ಯದಲ್ಲಿ ಬೆಲೆಬಾಳುವ ಪದಾರ್ಥಗಳು ಅಲ್ಪ ಮೌಲ್ಯಕ್ಕೆ ದೊರೆಯುತ್ತವೆಂದು ಅದಕ್ಕಾಗಿ ಯತ್ನಿಸುವುದು ಈ ದೋಷವೆಂದೂ ಅವರ ಅಭಿಪ್ರಾಯ.

ಇಲ್ಲಿ ಕಳ್ಳನಿಲ್ಲ, ಕನ್ನ ಕೊರೆದವರಿಲ್ಲ. ಕೊಳ್ಳುವವನು ಹಣ ಕೊಟ್ಟೇ ಕೊಳ್ಳುತ್ತಾನೆ. ಆದರೂ ಆಚಾರ್ಯರು ಅದನ್ನು ಅಚೌರ್ಯವ್ರತದ ದೋಷಗಳ ಪಟ್ಟಿಯಲ್ಲಿ ಇಟ್ಟರು. ಏಕೆಂದರೆ ಅಲ್ಲಿ ಬೆಲೆ ಇಳಿದದ್ದು ವಸ್ತುವಿನ ಗುಣ ಕಡಿಮೆಯಾದುದರಿಂದಲ್ಲ, ಮಾರುವವನಿಗೆ ಒದಗಿದ ವಿಪತ್ತಿನಿಂದ. ಆಚಾರ್ಯರು ರಾಜ್ಯದ ವಿಪತ್ತನ್ನು ಹೇಳಿದರು. ಅದೇ ನ್ಯಾಯವು ಒಂದು ಬುಟ್ಟಿಯ ವಿಪತ್ತಿಗೂ ಸಲ್ಲಬೇಕೆಂಬುದು ನನ್ನ ವಾದ; ಇದು ನನ್ನ ಊಹೆಯೇ ಹೊರತು ಟೀಕಾಕಾರರ ಮಾತಲ್ಲವೆಂದು ಒಪ್ಪುತ್ತೇನೆ. ಆದರೆ ರಾಜ್ಯ ಕದಡಿದಾಗ ಅಗ್ಗದ ಸರಕಿಗೆ ಓಡುವುದು ದೋಷವಾದರೆ, ಕೊನೆಯ ಬಸ್ಸಿಗೆ ಕಾದು ಕುಳಿತ ಹೆಂಗಸಿನ ಬಳಿ ಸಂಜೆಯವರೆಗೆ ಕಾದು ಹೋಗುವುದು ಹೇಗೆ ನಿರ್ದೋಷವಾದೀತು? ನಮ್ಮ ಊರುಗಳಲ್ಲಿ ಬೇಕೆಂದೇ ಸಂಜೆ ಪೇಟೆಗೆ ಹೋಗುವ ಸ್ಥಿತಿವಂತರಿದ್ದಾರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅವರು ಹುಡುಕುವುದು ಅಗ್ಗದ ತರಕಾರಿಯನ್ನಲ್ಲ, ಸೋತ ಮನುಷ್ಯರನ್ನು.

ಅಹಿಂಸಾಣುವ್ರತದ ಅತಿಚಾರಗಳನ್ನೂ ನೆನೆಯೋಣ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಶ್ರಯದಲ್ಲಿರುವ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ದೊರೆಯದಂತೆ ಮಾಡುವುದೇ ಹಿಂಸೆಯ ಅಂಗವೆಂದಾದರೆ, ದುಡಿದವರ ಅನ್ನದಲ್ಲಿ ಮೂವತ್ತು ರೂಪಾಯಿ ಕಡಿತಗೊಳಿಸಿದ್ದಕ್ಕೆ ಏನೆಂದು ಹೆಸರಿಡಬೇಕು? ಬೆಳ್ಳುಳ್ಳಿ, ಈರುಳ್ಳಿ, ಗೆಡ್ಡೆಗೆಣಸುಗಳನ್ನು ಮನೆಯೊಳಗೆ ತರದ ನಾವು, ಬಸಳೆಯ ಎಲೆಯಲ್ಲಿ ಹುಳುವಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವ ನಾವು, ಆ ಬಸಳೆ ನಮ್ಮ ಕೈಸೇರಿದ ಬಗೆಯನ್ನು ಮಾತ್ರ ಬೆಳಕಿಗೆ ಹಿಡಿಯುವುದಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಲಕ್ಷಣಗಳನ್ನು ಹೇಳುವಾಗ ಮೊತ್ತಮೊದಲು ಇಟ್ಟದ್ದು ನ್ಯಾಯದಿಂದ ಧನವನ್ನು ಗಳಿಸುವ ಗುಣವನ್ನು. ಪೂಜೆಯೂ ದಾನವೂ ಅದರ ಅನಂತರ. ಉಳಿಸಿದ ಹಣವೂ ಗಳಿಸಿದ ಹಣವೇ ಎಂದು ನಾವೇ ಮಕ್ಕಳಿಗೆ ಹೇಳಿಕೊಡುತ್ತೇವಲ್ಲ. ಹಾಗಾದರೆ ಉಳಿಸುವ ಬಗೆಗೂ ಅದೇ ನ್ಯಾಯ ಸಲ್ಲಬೇಕು.

ಈ ಜಿಲ್ಲೆಯ ಜೈನ ಕುಟುಂಬಗಳಿಗೆ ಇದನ್ನು ತಿಳಿಯಲು ಶಾಸ್ತ್ರದ ಅಗತ್ಯವೂ ಇಲ್ಲ. ನಮ್ಮ ಅಡಕೆ ತೋಟಗಳೇ ಸಾಕು. ಅಡಕೆಯ ಧಾರಣೆ ಕುಸಿದು ಬೆಳೆಗಾರರು ವರ್ತಕರು ಹೇಳಿದ ಬೆಲೆಗೆ ಕೈಯೊಡ್ಡಬೇಕಾಗಿ ಬಂದ ದಿನಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅದರ ಫಲವಾಗಿಯೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆ ಹುಟ್ಟಿತು. ಕರ್ನಾಟಕ ಕೇರಳಗಳ ಬೆಳೆಗಾರರು ಒಂದಾಗಿ, ಕೊಳ್ಳುವವರು ಹೇಳಿದ್ದೇ ಬೆಲೆಯಾಗಬಾರದೆಂದು ನಿಂತರು. ಅಂದು ನಾವು ಆಡಿದ ಮಾತೇನು? ಬೆಳೆದವನ ಶ್ರಮಕ್ಕೆ ನ್ಯಾಯವಾದ ಕ್ರಯ ದೊರೆಯಬೇಕೆಂದು. ಅಡಕೆಯ ಚೀಲವನ್ನು ಮಾರುವಾಗ ಸತ್ಯವಾದ ಮಾತು ಬಸಳೆಯ ಸೂಡಿಯನ್ನು ಕೊಳ್ಳುವಾಗ ಸುಳ್ಳಾಗುವುದೆಂತು?

ಇನ್ನೂ ಹಿಂದಕ್ಕೆ ಹೋದರೆ ಇನ್ನಷ್ಟು ಕಹಿಯಾದ ನೆನಪುಗಳಿವೆ. ಗೇಣಿಯ ಅಕ್ಕಿ ಮುಡಿಗಳಲ್ಲಿ ಬರುತ್ತಿದ್ದ ಕಾಲ ಅದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬುದು ಬಾಯಿಲೆಕ್ಕ. ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಎರಡು ಕಳಸೆಗಳಿದ್ದವು. ಒಂದು ಮತ್ತೊಂದಕ್ಕಿಂತ ಕೊಂಚ ಹಿರಿದು. ಹಿರಿದು ಏಕೆಂದು ಬಾಲ್ಯದಲ್ಲಿ ಕೇಳಿದಾಗ ಅಜ್ಜ ಉತ್ತರ ಕೊಡಲಿಲ್ಲ. ಹೀನಾಧಿಕಮಾನೋನ್ಮಾನ ಎಂಬ ಪದದ ಅರ್ಥವನ್ನು ಬಹುಕಾಲದ ಮೇಲೆ ಓದಿದಾಗ ಉತ್ತರ ದೊರೆಯಿತು. 1974ರ ಭೂಸುಧಾರಣಾ ಕಾನೂನಿನಿಂದ ಗೇಣಿ ಹೋಯಿತು, ಭೂಮಿಯೂ ಹೋಯಿತು. ಆ ನಷ್ಟದ ಬಗ್ಗೆ ನಾವು ಇಂದಿಗೂ ನಿಟ್ಟುಸಿರು ಬಿಡುತ್ತೇವೆ. ಆದರೆ ಹಿರಿಯ ಕಳಸೆ ಹೋಯಿತೇ? ಅಟ್ಟದಿಂದ ಇಳಿದು ನಮ್ಮ ನಾಲಗೆಯ ಮೇಲೆ ಕುಳಿತಿದೆ, ಅಷ್ಟೇ. ಕೊರಗರಿಂದ ಹೀನಾಯವಾದ ಸೇವೆ ಪಡೆಯುವ ಅಜಲು ಪದ್ಧತಿಯನ್ನು ಸರಕಾರ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಅವರು ಹೆಣೆದ ಬುಟ್ಟಿಯನ್ನು ಅರೆಬೆಲೆಗೆ ಎಳೆದುಕೊಳ್ಳುವುದನ್ನು ಯಾವ ಕಾನೂನೂ ನಿಷೇಧಿಸಲಾರದು. ಕಾನೂನು ತಲಪದ ಕಡೆಯಲ್ಲಿ ತಲಪುವುದಕ್ಕೆಂದೇ ಅಣುವ್ರತಗಳಿರುವುದು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು: ಮಾರುವವರೂ ಸಾಚಾಗಳಲ್ಲ, ಚೌಕಾಸಿ ಮಾಡುತ್ತಾರೆಂದೇ ಮೊದಲು ಏರಿಸಿ ಹೇಳುತ್ತಾರೆ, ಇದು ಇಬ್ಬರಿಗೂ ಗೊತ್ತಿರುವ ಆಟ. ನಿಜ, ಹಾಗೆ ಹೇಳುವವರಿದ್ದಾರೆ. ಸಗಟು ವ್ಯಾಪಾರಿಯೊಂದಿಗೆ, ಕಟ್ಟಡದ ಗುತ್ತಿಗೆದಾರರೊಂದಿಗೆ, ದೊಡ್ಡ ಅಂಗಡಿಯವರೊಂದಿಗೆ ಕ್ರಯದ ಮಾತುಕತೆ ಧಾರಾಳವಾಗಿ ನಡೆಯಲಿ. ಪೊಟ್ಟಣದ ಮೇಲೆ ಮುದ್ರಿಸಿದ್ದು ಗರಿಷ್ಠ ಚಿಲ್ಲರೆ ಬೆಲೆ. ಅದಕ್ಕಿಂತ ಕಡಿಮೆಗೆ ಕೊಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಆಟವೆನ್ನಬೇಕಾದರೆ ಇಬ್ಬರಿಗೂ ಎದ್ದುಹೋಗುವ ಸ್ವಾತಂತ್ರ್ಯವಿರಬೇಕು. ನಾವು ಬೇಡವೆಂದು ಹೋದರೆ ದೊಡ್ಡ ಅಂಗಡಿಯವನಿಗೆ ನಾಳೆಯಿದೆ, ಉಗ್ರಾಣವಿದೆ. ಬಸಳೆಗೆ ನಾಳೆಯಿಲ್ಲ, ಅದು ರಾತ್ರಿಯೊಳಗೆ ಬಾಡುತ್ತದೆ. ಎದ್ದುಹೋಗಲಾರದವನೊಡನೆ ಆಡುವುದು ಆಟವಲ್ಲ. ವಿಚಿತ್ರವೆಂದರೆ, ಎಲ್ಲಿ ಮಾತುಕತೆ ಸಲ್ಲುತ್ತದೆಯೋ ಅಲ್ಲಿ ನಾವು ಮೂಕರು. ಎಲ್ಲಿ ಸಲ್ಲದೋ ಅಲ್ಲಿ ವಾಗ್ಮಿಗಳು.

ಎರಡನೆಯ ಆಕ್ಷೇಪ: ಮಿತವ್ಯಯ ಶ್ರಾವಕನ ಗುಣವಲ್ಲವೇ? ಹೌದು. ಆದರೆ ಪರಿಗ್ರಹಪರಿಮಾಣವ್ರತವು ಎಷ್ಟು ಇರಿಸಿಕೊಳ್ಳಬೇಕೆಂಬುದಕ್ಕೆ ಮಿತಿ ಹಾಕುತ್ತದೆ; ಎಷ್ಟು ಅಗ್ಗಕ್ಕೆ ಎಳೆದುಕೊಳ್ಳಬೇಕೆಂದು ಅದು ಹೇಳುವುದಿಲ್ಲ. ಅಗ್ಗದ ಆಸೆ ಪರಿಗ್ರಹವನ್ನು ಬೆಳೆಸುತ್ತದೆ. ನಮಗೆ ಬೇಕಾಗಿದ್ದದ್ದು ಎರಡು ಬುಟ್ಟಿ. ಕ್ರಯ ಇಳಿಯಿತೆಂದು ಮೂರು ತಂದೆವು. ಒಂದು ಸೂಡಿ ಬಸಳೆ ಸಾಕಿತ್ತು. ಎರಡನೆಯದರ ಅರ್ಧ ಮೂರನೆಯ ದಿನ ಗೊಬ್ಬರದ ಗುಂಡಿಗೆ ಹೋಯಿತು. ಮಿತವ್ಯಯಿಗಳು ಒಂದು ಸೂಡಿಯನ್ನು ನಲ್ವತ್ತಕ್ಕೆ ಕೊಳ್ಳುತ್ತಿದ್ದರು. ಹತ್ತು ರೂಪಾಯಿ ನಮಗೂ ಉಳಿಯುತ್ತಿತ್ತು.

ಮೂರನೆಯ ಆಕ್ಷೇಪ ಬಸದಿಗಳ ಆಡಳಿತದವರದು, ಮತ್ತು ಅದು ಅತ್ಯಂತ ಗಂಭೀರವಾದುದು. ಟ್ರಸ್ಟಿನ ಹಣ ಭಕ್ತರು ಕೊಟ್ಟದ್ದು. ಅದನ್ನು ಮನಸೋಇಚ್ಛೆ ಖರ್ಚು ಮಾಡುವಂತಿಲ್ಲ. ಕೊಟೇಶನ್ ಕರೆದು ಅತಿ ಕಡಿಮೆ ದರ ಹೇಳಿದವರಿಗೆ ಕೊಡುವುದೇ ಪ್ರಾಮಾಣಿಕತೆ ಎನ್ನುತ್ತಾರೆ. ನಾನೂ ಒಂದು ಸಮಿತಿಯಲ್ಲಿ ಕುಳಿತು ಹೀಗೆಯೇ ಸಹಿ ಹಾಕಿದವನು. ಉತ್ಸವವೊಂದರ ಸ್ವಚ್ಛತೆಯ ಕೆಲಸವನ್ನು ಅತಿ ಕಡಿಮೆ ದರದ ಗುತ್ತಿಗೆದಾರರಿಗೆ ವಹಿಸಿದೆವು. ಉತ್ಸವ ಮುಗಿದ ಮೇಲೆ ಗುಡಿಸಿದವರ ಬಾಯಿಂದಲೇ ತಿಳಿಯಿತು: ಅವರ ಕೈಗೆ ಸೇರಿದ್ದು ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತಲೂ ಕಡಿಮೆ. ದರ ಅಷ್ಟು ಇಳಿದದ್ದು ಎಲ್ಲಿಂದ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ವಿಷಯದಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪು ನೀಡುತ್ತ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸಾರಿತು. ಹಸಿವೇ ಅಲ್ಲಿ ಬಲವಂತ. ನಡುವೆ ಗುತ್ತಿಗೆದಾರನಿದ್ದನೆಂಬ ನೆಪವೂ ನಮಗೆ ಸಲ್ಲದು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಕರ್ಮ ಆಸ್ರವಿಸುತ್ತದೆಂದು ಬೋಧಿಸುವ ಧರ್ಮ ನಮ್ಮದು. ಜಿನೇಶ್ವರನ ಅಂಗಣವನ್ನು ಗುಡಿಸಿದವರ ಕೂಲಿಯನ್ನು ಕಡಿತಗೊಳಿಸಿ ಉಳಿಸಿದ ಹಣದಿಂದ ಹಚ್ಚಿದ ದೀಪ ಯಾರಿಗೆ ಬೆಳಕಾದೀತು?

ಭಕ್ತರ ಹಣವೆಂಬ ಮಾತಿಗೇ ಬರೋಣ. ಭಕ್ತರು ಹಣ ಕೊಟ್ಟದ್ದು ಧರ್ಮಪ್ರಭಾವನೆಗೆ. ನ್ಯಾಯವಾದ ಬೆಲೆ ಕೊಡುವುದಕ್ಕಿಂತ ದೊಡ್ಡ ಪ್ರಭಾವನೆ ಬೇರೆ ಯಾವುದಿದೆ? ಮೂಡುಬಿದಿರೆಯ ಹದಿನೆಂಟು ಬಸದಿಗಳ ಹೆಸರುಗಳನ್ನೇ ನೋಡಿ: ವಿಕ್ರಮ ಶೆಟ್ಟಿ ಬಸದಿ, ದೇರಮ ಶೆಟ್ಟಿ ಬಸದಿ, ಕೋಟಿ ಶೆಟ್ಟಿ ಬಸದಿ. ವರ್ತಕರ ಹೆಸರುಗಳು ಕಲ್ಲಿನ ಮನೆಗಳಾಗಿ ನಿಂತಿವೆ. 1430ರ ಸುಮಾರಿಗೆ ಕಟ್ಟಲಾರಂಭಿಸಿದ ಸಾವಿರ ಕಂಬದ ಬಸದಿಯ ಜಗತಿಯಲ್ಲಿ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಕೆತ್ತಿದ್ದಾರೆ. ಕಡಲಾಚೆಯ ವ್ಯಾಪಾರವನ್ನು ಈ ಊರು ಎಷ್ಟು ಬಲ್ಲದಾಗಿತ್ತೆಂಬುದಕ್ಕೆ ಸಾಕ್ಷಿ. ವ್ಯಾಪಾರದಿಂದಲೇ ಬಸದಿಗಳನ್ನು ಕಟ್ಟಿಸಿದ ಸಮಾಜ ನಮ್ಮದು. ವ್ಯಾಪಾರದ ನ್ಯಾಯಾನ್ಯಾಯವನ್ನು ಬಸದಿಯ ಹೊರಗಿನ ಸಂಗತಿಯೆನ್ನುವ ಅಧಿಕಾರ ಉಳಿದ ಯಾರಿಗಿದ್ದರೂ ನಮಗಿಲ್ಲ.

ನ್ಯಾಯವಾದ ಕ್ರಯ ಯಾವುದೆಂದು ತಿಳಿಯುವುದು ಹೇಗೆ ಎಂದು ಕೇಳುವವರಿಗೆ ನಮ್ಮ ಸೀಮೆಯ ಮಲ್ಲಿಗೆಯೇ ಉತ್ತರ. ಶಂಕರಪುರದ ಮಲ್ಲಿಗೆಗೆ ಪ್ರತಿದಿನ ಅಟ್ಟೆಗಿಷ್ಟು ಎಂದು ದರ ಗೊತ್ತಾಗುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದಿನ ದರವೆಷ್ಟೆಂದು ಕೇಳಿ, ಏರಿದ್ದರೆ ಒಂದು ಚೆಂಡು ಕಡಿಮೆ ಕೊಂಡು, ಹೇಳಿದ ಹಣವನ್ನು ಕೊಟ್ಟು ಬರುತ್ತೇವೆ. ಆ ಮದುವೆಗೂ ಹಾಗೆಯೇ ತಂದೆವು. ಬಾಡುವ ಹೂವಿಗೆ ಈ ಮರ್ಯಾದೆ ಸಾಧ್ಯವಾದರೆ ಬಾಡುವ ಸೊಪ್ಪಿಗೂ ಸಾಧ್ಯ. ಬೆಳೆಯುವವರು ಒಟ್ಟಾದಲ್ಲಿ ದರ ನಿಲ್ಲುತ್ತದೆ. ಒಂಟಿ ಬುಟ್ಟಿಯ ಹೆಂಗಸಿಗೆ ಆ ಬಲವಿಲ್ಲದಿರುವಾಗ ಆಕೆಯ ಬಲವಾಗಿ ಕೊಳ್ಳುವವನ ವ್ರತ ನಿಲ್ಲಬೇಕು.

ಆದುದರಿಂದ ಓದುಗರ ಮುಂದೆ ಕೆಲವು ಸೂಚನೆಗಳನ್ನಿಡುತ್ತೇನೆ. ತಾನೇ ಬೆಳೆದದ್ದನ್ನು ಅಥವಾ ತಾನೇ ಹೆಣೆದದ್ದನ್ನು ತಂದು ನೆಲದ ಮೇಲಿಟ್ಟು ಮಾರುವವರೊಡನೆ ಚೌಕಾಸಿ ಮಾಡುವುದಿಲ್ಲವೆಂದು ಪ್ರತಿಯೊಂದು ಮನೆಯೂ ನಿಯಮ ತೆಗೆದುಕೊಳ್ಳಲಿ. ಕ್ರಯ ಹೆಚ್ಚೆನಿಸಿದರೆ ಕಡಿಮೆ ಕೊಳ್ಳಲಿ, ಇಲ್ಲವೇ ಕೊಳ್ಳದಿರಲಿ. ಚೌಕಾಸಿಯಲ್ಲಿ ಗೆದ್ದುಬಂದ ಮಕ್ಕಳನ್ನು ಹೊಗಳುವ ರೂಢಿ ನಿಲ್ಲಲಿ. ಬಸದಿಯ ಟ್ರಸ್ಟುಗಳು ಕೊಟೇಶನ್ ಪತ್ರದಲ್ಲಿಯೇ ಕನಿಷ್ಠ ಕೂಲಿಯ ಷರತ್ತನ್ನು ಬರೆಯಲಿ, ಕೂಲಿ ದುಡಿದವರ ಕೈಸೇರಿದೆಯೇ ಎಂದು ಅವರನ್ನೇ ಕೇಳಿ ತಿಳಿಯಲಿ. ಎಳನೀರು, ಹೂವು, ಬಾಳೆಎಲೆ ತಂದುಕೊಡುವ ಚಿಕ್ಕ ಬೆಳೆಗಾರರಿಗೆ ಲೆಕ್ಕಪತ್ರದ ನೆಪ ಹೇಳಿ ತಿಂಗಳುಗಟ್ಟಲೆ ಕಾಯಿಸದೆ ಅಂದಂದೇ ಹಣ ಕೊಡಲಿ. ವಾರ್ಷಿಕ ವರದಿಯಲ್ಲಿ ದಾನಿಗಳ ಪಟ್ಟಿಯೊಡನೆ, ದುಡಿದವರಿಗೆ ಕೊಟ್ಟ ಕೂಲಿಯ ದರವೂ ಅಚ್ಚಾಗಲಿ. ಇದರಿಂದ ಯಾವ ಬಸದಿಯೂ ಬಡವಾಗದು.

ಮುಂದಿನ ವಾರ ನಾನು ಮೂವತ್ತು ರೂಪಾಯಿ ಹಿಡಿದು ಆ ಹೆಂಗಸನ್ನು ಹುಡುಕಿಕೊಂಡು ಹೋದೆ. ಆಕೆ ಅದೇ ಜಾಗದಲ್ಲಿ ಕುಳಿತಿದ್ದಳು. ಬಸಳೆಯ ವಿಷಯ ಹೇಳಿದಾಗ ನನ್ನ ಮುಖವನ್ನೇ ನೋಡಿ, "ನನಗೆ ನೆನಪಾಗುವುದಿಲ್ಲ ದನಿ, ದಿನವೂ ಸಂಜೆ ಹಾಗೆ ಯಾರಾದರೂ ಬರುತ್ತಾರೆ" ಎಂದಳು. ಹಣವನ್ನು ಆಕೆಯ ಕೈಯಲ್ಲಿಟ್ಟು ಬಂದೆ. ಕ್ಷಮೆ ಕೇಳುವುದಕ್ಕೂ ಆಸ್ಪದವಾಗಲಿಲ್ಲ. ಆಕೆಯ ಲೆಕ್ಕದಲ್ಲಿ ನಾನೊಬ್ಬ ವಿಶೇಷ ಪಾಪಿಯಾಗಿರಲಿಲ್ಲ, ಹಲವರಲ್ಲಿ ಒಬ್ಬನಾಗಿದ್ದೆ.

ಪ್ರತಿಕ್ರಮಣದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಮಸ್ತ ಜೀವಿಗಳ ಕ್ಷಮೆಯನ್ನು ನಾವು ಬೇಡುತ್ತೇವೆ. ಆ ಪಂಚೇಂದ್ರಿಯ ಜೀವಿಗಳಲ್ಲಿ ಬಸ್ಸಿಗೆ ಕಾಯುತ್ತ ರಸ್ತೆಬದಿಯಲ್ಲಿ ಕುಳಿತವಳೂ ಸೇರಿದ್ದಾಳೆ. ಇಂದು ಸಂಜೆ ಪೇಟೆಗೆ ಹೊರಡುವ ಶ್ರಾವಕ ಶ್ರಾವಿಕೆಯರು ಕೈಚೀಲವನ್ನು ತೆಗೆದುಕೊಳ್ಳುವಾಗ ವ್ರತವನ್ನೂ ಜೊತೆಯಲ್ಲಿ ಒಯ್ಯಲಿ.